ತಾಮ್ರದೊಳಗಿನ ಕೂದಲು

"ಬೇರೆ ಏನು ಬೇಕಾದ್ರೂ ಬಿಚ್ಚು, ಏನು ಬೇಕಾದ್ರೂ ಹೊಸದಾಗಿ ಮಾಡಿ ಹಾಕು. ಆ ಕರೀ ಪೆಟ್ಟಿಗೆ ತಂಟೆಗೆ ಮಾತ್ರ ಹೋಗ್ಬೇಡ ನೆವಿಯೋ."

ಕಾರ್ಮೊಸೀನಾ ಇದನ್ನು ಹೇಳಿದ್ದು ಲಾಯದ ಹೊಸ್ತಿಲಾಚೆ ನಿಂತು. ಕತ್ತೆ ಸತ್ತು ಎಷ್ಟೋ ಕಾಲವಾಗಿದ್ದರೂ ಆ ಕಲ್ಲುಕೋಣೆಯ ಗೋಡೆಗಳಿಗೆ ಹಳೆಯ ಹುಲ್ಲಿನ, ಗಂಜಲದ ವಾಸನೆ ಇನ್ನೂ ಅಂಟಿಕೊಂಡಿತ್ತು. ಈಗ ಅದರ ಮೇಲೆ ಅಳಿಯನ ಬೆಸುಗೆಯ ಹೊಗೆಯೂ ಮರದ ಪುಡಿಯ ವಾಸನೆಯೂ ಸೇರಿತ್ತು. ಅವಳು ಒಳಗೆ ಕಾಲಿಡಲಿಲ್ಲ. ಬೆಂಚಿನ ಮೇಲೆ ಅಂಗಾತ ಬಿದ್ದಿದ್ದ ಗಿಟಾರನ್ನು, ಮನೆಯೊಳಗೆ ಹೊಕ್ಕ ಹಾವನ್ನು ನೋಡುವ ಹಾಗೆ, ಕಣ್ಣು ಕೀಳದೆ ನೋಡುತ್ತಿದ್ದಳು.

"ಯಾಕತ್ತೆ, ಅದರೊಳಗೆ ದೆವ್ವ ಇದ್ಯಾ?" ನೆವಿಯೋ ಅರ ಉಜ್ಜುತ್ತಲೇ ಕೇಳಿದ.

"ನಗ್ಬೇಡ."

"ಇಂಥವನ್ನ ನಾನು ಲೆಕ್ಕ ಇಲ್ಲದಷ್ಟು ಬಿಚ್ಚಿದೀನಿ. ಒಳಗಿರೋದು ಒಂದು ಅಯಸ್ಕಾಂತ, ಅದರ ಸುತ್ತ ಒಂದಿಷ್ಟು ತಾಮ್ರದ ತಂತಿ. ದೆವ್ವ ಬಂದ್ರೂ ಪಾಪ, ಕೂರೋಕೆ ಜಾಗ ಸಾಲಲ್ಲ ಅದಕ್ಕೆ."

ಕಾರ್ಮೊಸೀನಾ ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೇಲಿನ ಕೋಣೆಯಲ್ಲಿ ಕುರ್ಚಿ ಕಿರುಗುಟ್ಟಿತು. ಅವಳ ಗಂಡ ಕಾನಿಯೋ ಕೆಮ್ಮಿದ. ಅವಳು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು, ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಂಡು, ಮೆಟ್ಟಿಲು ಹತ್ತಿ ಹೋದಳು.

ನೆವಿಯೋ ಕಡಲತೀರದ ಕಡೆಯವನು. ಅವನ ಊರಿನಲ್ಲಿ ಮನೆಮನೆಯಲ್ಲೂ ಅಕಾರ್ಡಿಯನ್ ಮಾಡುತ್ತಿದ್ದರು. ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಬ್ಬಿದ ಕಾಲದಲ್ಲಿ ಅದೇ ಜನ, ಅಕಾರ್ಡಿಯನ್ನಿಗೆ ಅಂಟಿಸುತ್ತಿದ್ದ ಮಿರುಗುವ ಪ್ಲಾಸ್ಟಿಕ್ ಹಾಳೆಗಳನ್ನೇ ಗಿಟಾರುಗಳಿಗೆ ಹೊದಿಸಿ ಮಾರಿದ್ದರು. ಆ ಹುಚ್ಚು ಇಳಿಯಿತು, ಕಾರ್ಖಾನೆಗಳು ಮುಚ್ಚಿದವು. ಹಳೆಯ ವಾದ್ಯಗಳನ್ನು ರಿಪೇರಿ ಮಾಡುವ ವಿದ್ಯೆ ಮಾತ್ರ ಅವನ ಕೈಯಲ್ಲಿ ಉಳಿಯಿತು. ಅವನ ಹೆಂಡತಿ ಇಂಕೊರೊನಾತಾ, ಎಲ್ಲರ ಬಾಯಲ್ಲಿ ನಾತಾ, ಲುಕಾನಿಯಾ ಸೀಮೆಯ ಈ ಬೋಳು ಗುಡ್ಡದ ಊರಿನವಳು. ಶರತ್ಕಾಲಕ್ಕೆ ಕಡಲತೀರದ ಶಾಲೆಯೊಂದರಲ್ಲಿ ಅವಳಿಗೆ ಮೇಷ್ಟ್ರ ಕೆಲಸ ಸಿಕ್ಕಿತ್ತು. ಅಲ್ಲಿಯವರೆಗೆ ಬೇಸಿಗೆಯನ್ನು ಅಪ್ಪ-ಅಮ್ಮನ ಜೊತೆ ಕಳೆಯೋಣವೆಂದು ಗಂಡನನ್ನು ಕರೆದುಕೊಂಡು ಬಂದಿದ್ದಳು.

ಗಿಟಾರು ಸಿಕ್ಕಿದ್ದು ಬಂಡೆ ಕೊರೆದು ಮಾಡಿದ ನೆಲಮನೆಯಲ್ಲಿ, ವೈನ್ ಪೀಪಾಯಿಗಳ ಹಿಂದೆ. ಕಂಬಳಿಯಲ್ಲಿ ಸುತ್ತಿ, ಹೆಣಕ್ಕೆ ಬಿಗಿದ ಹಾಗೆ ಹಗ್ಗ ಬಿಗಿದಿತ್ತು. ಬಿಚ್ಚಿದಾಗ ಆ ಕತ್ತಲಲ್ಲೂ ದಾಳಿಂಬೆ ಒಡೆದಂತೆ ಕೆಂಪಗೆ ಮಿರುಗಿತು. ನೆವಿಯೋನ ಊರಿನದೇ ಗಿಟಾರು. ಅವನು ಹುಟ್ಟಿದ ಸುಮಾರಿನಲ್ಲಿ ಮಾಡಿದ್ದು.

"ಅಪ್ಪನದು," ಎಂದಿದ್ದಳು ನಾತಾ. "ವಯಸ್ಸಿನಲ್ಲಿ ಮದುವೆ ಮನೆಗಳಲ್ಲಿ ನುಡಿಸ್ತಿದ್ನಂತೆ. ಲಕ್ವ ಹೊಡೆದ ಮೇಲೆ ಬಿಟ್ಟ."

ಲಕ್ವ ಹೊಡೆದದ್ದು ಎಡಗೈಗೆ ಮಾತ್ರ. ಆ ಕೈ ಒಣಗಿದ ಅಕ್ರೋಟಿನ ಹಾಗೆ ಮುದುರಿ ಮುಷ್ಟಿಯಾಗಿತ್ತು. ಉಳಿದಂತೆ ಕಾನಿಯೋನಷ್ಟು ಸಾಧು ಮುದುಕ ಊರಲ್ಲಿ ಇರಲಿಲ್ಲ. ಬಲಗೈಯೊಂದರಲ್ಲೇ ಅಂಜೂರದ ಸಿಪ್ಪೆ ಸುಲಿದು ಮಗಳಿಗೆ ಕೊಡುವನು, ಗುಬ್ಬಿಗಳಿಗೆ ರೊಟ್ಟಿ ಚೂರು ಚೆಲ್ಲುವನು, ಹೆಂಡತಿ ಕೂತಲ್ಲೇ ತೂಕಡಿಸಿದರೆ ಟೀವಿಯ ಸದ್ದು ತಗ್ಗಿಸುವನು. ಬೆಲ್ಟಿನ ಏಟು ತಿಂದು ಬೆಳೆದ ನೆವಿಯೋಗೆ ಇಂಥ ಮಾವ ಸಿಕ್ಕಿದ್ದು ತನ್ನ ಪುಣ್ಯ ಅನ್ನಿಸಿತ್ತು. ಈ ಗಿಟಾರಿಗೆ ಮತ್ತೆ ದನಿ ಬರಿಸಿ ಆ ಮುದುಕನ ತೊಡೆಯ ಮೇಲಿಡಬೇಕು, ಬಲಗೈಯಿಂದಲಾದರೂ ಒಮ್ಮೆ ಮೀಟಿಸಬೇಕು ಎಂಬುದು ಅವನ ಆಸೆ. ಒಂದು ಬಿಡಿಭಾಗವನ್ನೂ ಹೊರಗಿನಿಂದ ತರಿಸದೆ ಎಲ್ಲವನ್ನೂ ತನ್ನ ಕೈಯಾರೆ ಮಾಡಬೇಕೆಂಬ ಹಟವೂ ಸೇರಿಕೊಂಡಿತು.

ಕಟುಕನ ಅಂಗಡಿಯಿಂದ ಎತ್ತಿನ ಮೊಳಕಾಲ ಎಲುಬು ತಂದ. ಅದನ್ನು ಬೇಯಿಸಿ, ಕೊಬ್ಬು ಬಿಡಿಸಿ, ಬಿಸಿಲಿಗಿಟ್ಟು, ಗರಗಸದಲ್ಲಿ ಕೊಯ್ದು, ಗಿಟಾರಿನ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪುಟ್ಟ ಪಟ್ಟಿಯನ್ನು ಅರದಿಂದ ತೀಡಿದ. ಹಲ್ಲಿನ ಡಾಕ್ಟರ ಕೋಣೆಯ ವಾಸನೆ ಲಾಯದ ತುಂಬ. ಕಳೆದುಹೋಗಿದ್ದ ತಿರುಗುಗುಂಡಿಗಳನ್ನು ಆಲಿವ್ ಮರದ ಬೇರಿನಿಂದ ಕಡೆದ. ಸ್ವರವನ್ನು ನಡುಗಿಸುವ ಕಂಬಿ ಮುರಿದಿತ್ತು. ಹಳೆಯ ಸೈಕಲ್ಲಿನ ಬ್ರೇಕ್ ಸರಳನ್ನು ಕೆಂಪಗೆ ಕಾಯಿಸಿ ಬಗ್ಗಿಸಿ ಹೊಸದು ಮಾಡಿದ. ಒಂದೊಂದೂ ತಾಯಿಯ ಮಡಿಲಿಗೆ ಮಗು ಸೇರಿದ ಹಾಗೆ ತನ್ನ ಜಾಗಕ್ಕೆ ಸೇರಿಕೊಂಡಿತು. ತಂತಿ ಕಟ್ಟಿ, ಹಳೆಯ ರೇಡಿಯೋಗೆ ಜೋಡಿಸಿ ಮೀಟಿದ.

ದನಿಯಿಲ್ಲ. ಬರೀ ಗುಂಯ್ ಎಂಬ ಸದ್ದು. ಮುಚ್ಚಿದ ಬಾಯೊಳಗೆ ಯಾರೋ ನರಳಿದಂತೆ.

ದೋಷ ಇದ್ದದ್ದು ಪಿಕಪ್ಪಿನಲ್ಲಿ: ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಕರೆಂಟಾಗಿಸುವ ಆ ಕರೀ ಪೆಟ್ಟಿಗೆಯಲ್ಲಿ. ಅತ್ತೆ ಬೇಡವೆಂದದ್ದು ಅದನ್ನೇ. ನೆವಿಯೋ ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ಊಟದ ಹೊತ್ತಿಗೆ ಅವಳು ಮತ್ತೆ, "ಬಿಟ್ಬಿಡು ಅದನ್ನ. ಗೋಡೆಗೆ ತೂಗು ಹಾಕಿದ್ರೂ ಚೆಂದಾನೇ," ಎಂದಳು. ಆ ಮಾತೇ ಅವನನ್ನು ಕೆಣಕಿತು.

ಆ ಕಡೆ ಮಟಮಟ ಮಧ್ಯಾಹ್ನ ಹೊರಗೆ ಯಾರೂ ಕಾಲಿಡುವುದಿಲ್ಲ. ಕಿಟಕಿ ಬಾಗಿಲು ಮುಚ್ಚಿ ಊರಿಗೆ ಊರೇ ಮಲಗುತ್ತದೆ. ಬೀದಿಯಲ್ಲಿ ಆ ಹೊತ್ತು ನಡೆಯುವವರು ಬದುಕಿರುವವರಲ್ಲ ಎಂದು ಮುದುಕಿಯರು ಹೇಳುತ್ತಾರೆ. ಅಂಥ ಹೊತ್ತಿನಲ್ಲಿ ನೆವಿಯೋ ಲಾಯದ ಬಾಗಿಲೆಳೆದುಕೊಂಡು, ದೀಪ ಹಚ್ಚಿ, ಪೆಟ್ಟಿಗೆಯ ತಿರುಪು ಬಿಚ್ಚಿದ.

ಮೊದಲು ಬಂದದ್ದು ವಾಸನೆ. ಇಗರ್ಜಿಯ ಮೇಣದ ವಾಸನೆ, ಅದರಡಿಯಲ್ಲಿ ಇನ್ನೊಂದು, ಬಹಳ ದಿನ ತೊಳೆಯದ ತಲೆದಿಂಬಿನದು. ಪೆಟ್ಟಿಗೆಯೊಳಗೆ ಮೇಣ ಹೊಯ್ದು ತುಂಬಿದ್ದರು. ಯಾವ ಕಾರ್ಖಾನೆಯೂ ಹೀಗೆ ಮಾಡುವುದಿಲ್ಲ. ಚಾಕುವಿನಿಂದ ಕೆರೆದ. ತಾಮ್ರ ಕಾಣಿಸಿತು. ತಾಮ್ರದ ಮೇಲೆ, ತಾಮ್ರದ ಸುತ್ತುಗಳ ನಡುವೆ, ಕಪ್ಪಗೆ ಹೊಳೆಯುವ ಇನ್ನೊಂದು ಎಳೆ. ಚಿಮಟದಿಂದ ತುದಿ ಹಿಡಿದು ಎಳೆದ. ಬಂತು. ಎಳೆದಷ್ಟೂ ಬಂತು.

ಹೆಂಗಸಿನ ಕೂದಲು. ಒಂದು ಇಡೀ ಜಡೆ.

ನೆವಿಯೋಗೆ ಅದೇನೆಂದು ತಿಳಿಯದೇ ಇರಲಿಲ್ಲ. ಕೂದಲಿನಿಂದ ಕಟ್ಟು ಹಾಕುವ ಮಾಟದ ಮಾತು ಆ ಗುಡ್ಡಗಳಲ್ಲಿ ಯಾರ ಬಾಯಲ್ಲಾದರೂ ಬಂದೇ ಬರುತ್ತಿತ್ತು. ಅವನ ಕತ್ತಿನ ಹಿಂಭಾಗ ತಣ್ಣಗಾಯಿತು. ಹಾಗಾದದ್ದಕ್ಕೇ ಅವನಿಗೆ ನಾಚಿಕೆಯಾಯಿತು, ನಾಚಿಕೆ ಸಿಟ್ಟಾಯಿತು. "ಕೂದಲು ಸಿಕ್ಕೊಂಡ್ರೆ ಸದ್ದು ಎಲ್ಲಿಂದ ಬರತ್ತೆ," ಎಂದು ಗಟ್ಟಿಯಾಗಿ ಹೇಳಿಕೊಂಡು, ಅಷ್ಟನ್ನೂ ಮುದ್ದೆಮಾಡಿ, ಸರಳು ಕಾಯಿಸುವ ಅಗ್ಗಿಷ್ಟಿಕೆಗೆ ಎಸೆದ.

ಕೂದಲು ಚುರಚುರನೆ ಮುದುರಿತು. ಸುಟ್ಟ ಕಮಟು ಮೂಗಿಗೆ ಹೊಡೆಯಿತು. ಮೇಲೆ ದಡಾರನೆ ಕುರ್ಚಿ ಬಿತ್ತು.

ಅವನು ಮೆಟ್ಟಿಲೇರಿ ಓಡಿದಾಗ ಕಾನಿಯೋ ಕೋಣೆಯ ನಡುವೆ ನಿಂತು ತನ್ನ ಎಡಗೈಯನ್ನು ಕಣ್ಣೆದುರು ಹಿಡಿದು ನೋಡುತ್ತಿದ್ದ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಒಣಗಿದ ಗಂಟುಗಳು ಲಟಲಟ ಎನ್ನುತ್ತಿದ್ದವು. ನೆಲಮನೆಯ ತಂಪಿನಲ್ಲಿ ಮಲಗಿದ್ದ ನಾತಾಳನ್ನು ನೆವಿಯೋ ಎಬ್ಬಿಸಿ ಕರೆತಂದ. ಅವಳು ಅಪ್ಪನ ಅಂಗೈಗೆ ಮುಖ ಒತ್ತಿ ಅತ್ತಳು. ಕಾರ್ಮೊಸೀನಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಗಂಡನ ಕೈಯನ್ನು ನೋಡಲಿಲ್ಲ, ಅಳಿಯನನ್ನು ನೋಡಿದಳು. ಆಮೇಲೆ ತಲೆಗೆ ಕೈ ಹಾಕಿ ಸವರಿಕೊಂಡಳು. ಕೈಯ ಜೊತೆಗೇ ಒಂದು ಹಿಡಿ ಕೂದಲು ಬಂತು.

ಮರುದಿನದಿಂದ ಅವಳು ತಲೆಗೆ ಕರೀ ವಸ್ತ್ರ ಬಿಗಿದುಕೊಂಡಳು. ವಸ್ತ್ರದ ಕೆಳಗೆ ಏನೂ ಉಳಿದಿರಲಿಲ್ಲ. "ವಯಸ್ಸಾಯ್ತಲ್ಲ," ಎಂದಳು ಮಗಳಿಗೆ.

ಊರಿನ ಡಾಕ್ಟರು, ನರಗಳು ಎಷ್ಟೋ ವರ್ಷದ ಮೇಲೂ ಎಚ್ಚರಾಗುವುದುಂಟು ಎಂದರು. ನೆವಿಯೋ ಆ ಮಾತನ್ನು ಎರಡೂ ಕೈಯಿಂದ ಹಿಡಿದುಕೊಂಡ. ಕಾಲಿನಲ್ಲಿ ತುಳಿಯುವ ಅತ್ತೆಯ ಹೊಲಿಗೆ ಮಷೀನನ್ನು ಲಾಯಕ್ಕೆ ತಂದು, ಅದಕ್ಕೆ ಖಾಲಿ ಸುರುಳಿ ಸಿಕ್ಕಿಸಿ, ಇನ್ನೊಂದು ಕೆಟ್ಟ ರೇಡಿಯೋದ ಟ್ರಾನ್ಸ್‌ಫಾರ್ಮರಿನಿಂದ ಬಿಡಿಸಿದ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯನ್ನು ಬೆರಳ ಸಂದಿಯಲ್ಲಿ ಹಾಯಿಸುತ್ತ, ಹೊಸ ಪಿಕಪ್ ಸುತ್ತಿದ. ಮೀಟಿದಾಗ ಹೊಮ್ಮಿದ ದನಿಗೆ ಅವನ ಮೈಯೆಲ್ಲ ಮುಳ್ಳಾಯಿತು. ಅಂಥ ದನಿಯನ್ನು ಅವನು ಕೇಳಿರಲಿಲ್ಲ. ಜೇನಿನ ಹಾಗೆ ದಪ್ಪ, ತುದಿಯಲ್ಲಿ ಒಂದು ಚೂರು ಗಾಜು.

ಕಾನಿಯೋ ನುಡಿಸತೊಡಗಿದ. ಮೊದಮೊದಲು ಮದುವೆಯ ಹಳೇ ಕುಣಿತದ ಧಾಟಿಗಳು. ಬೀದಿಯವರು ಕಿಟಕಿಯಡಿ ಕುರ್ಚಿ ಹಾಕಿಕೊಂಡು ಕೇಳಿದರು. "ಅಳಿಯ ಅಂದ್ರೆ ಹೀಗಿರ್ಬೇಕು ನೋಡು, ಸತ್ತ ಕೈಗೆ ಜೀವ ಕೊಟ್ಟ," ಎಂದು ಎದುರು ಮನೆಯಾಕೆ ಎಲ್ಲರಿಗೂ ಕೇಳಿಸುವಂತೆ ಹೇಳಿದಳು. ನೆವಿಯೋ ಉಬ್ಬಿದ.

ಕೆಲವು ದಿನಗಳಾದ ಮೇಲೆ ಅವನು ಎರಡು ಸಂಗತಿಗಳನ್ನು ಗಮನಿಸಿದ. ಒಂದು, ಮಾವನ ಎಡಗೈ. ಅದರ ಮೇಲಿದ್ದ ಮುಪ್ಪಿನ ಮಚ್ಚೆಗಳು ಮಾಯವಾಗಿದ್ದವು. ಚರ್ಮ ಬಿಗಿದಿತ್ತು. ಬೆರಳ ಹಿಂದೆ ಕರಿ ರೋಮ. ಮಣಿಕಟ್ಟಿನ ಮೇಲೆ ಎಪ್ಪತ್ತರ ಹತ್ತಿರದ ಮುದುಕ, ಕೆಳಗೆ ಮೂವತ್ತರ ಗಂಡಸು. ಇನ್ನೊಂದು, ಅತ್ತೆಯ ಕೊರಳು. ಸೆಖೆಯಲ್ಲೂ ಅವಳು ಕೊರಳಿನವರೆಗೆ ಗುಂಡಿ ಹಾಕಿಕೊಂಡಿದ್ದಳು. ಒಂದು ಬೆಳಿಗ್ಗೆ ಒಣಮೆಣಸಿನ ಸರವನ್ನು ಗೋಡೆಗೆ ತೂಗುಹಾಕಲು ಕತ್ತೆತ್ತಿದಾಗ ಗುಂಡಿ ಬಿಚ್ಚಿತು. ನೇರಳೆ ಬಣ್ಣದ ಗುರುತುಗಳು. ನಾಲ್ಕು ಒಂದು ಕಡೆ, ಒಂದು ಇನ್ನೊಂದು ಕಡೆ.

ನೆವಿಯೋ ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು. ಅವನು ಕಾಫಿ ಲೋಟ ತೊಳೆಯಲು ತಿರುಗಿಕೊಂಡ.

ಆಮೇಲೆ ಎಷ್ಟೋ ಕಾಲ ಅವನನ್ನು ಸುಟ್ಟದ್ದು ಆ ತಿರುಗಿಕೊಂಡದ್ದೇ. ಪೆಟ್ಟಿಗೆ ಬಿಚ್ಚಿದಾಗ ಅವನಿಗೆ ಗೊತ್ತಿರಲಿಲ್ಲ ಎನ್ನಬಹುದು. ಲೋಟ ತೊಳೆಯುವಾಗ ಗೊತ್ತಿತ್ತು. ಬಾಯಿಬಿಟ್ಟರೆ ನಾತಾಗೆ ಎಲ್ಲ ಹೇಳಬೇಕು. ಕೂದಲಿನ ಮಾತು, ಅತ್ತೆ ಎರಡು ಸಲ ಬೇಡವೆಂದ ಮಾತು. ಮಗಳು ಅಪ್ಪನ ಕೈಗೆ ಮುತ್ತಿಟ್ಟು ಅತ್ತಿದ್ದಳು. ಊರು ಹೊಗಳುತ್ತಿತ್ತು. ಗಿಟಾರಿನ ಆ ದನಿಯೂ ಇತ್ತು. ಇನ್ನೆರಡು ದಿನ ನೋಡೋಣ ಅಂದುಕೊಂಡ.

ಕಾರ್ಮೊಸೀನಾಳೇ ಲಾಯಕ್ಕೆ ಬಂದಳು. ಈ ಸಲ ಹೊಸ್ತಿಲು ದಾಟಿ ಒಳಗೆ ಬಂದು, ಬಾಗಿಲು ಮುಚ್ಚಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಸುಟ್ಟೆಯಲ್ಲ?"

ಅವನು ತಲೆ ತಗ್ಗಿಸಿದ.

"ನನ್ನದೂ ತಪ್ಪಿದೆ. ಆವತ್ತೇ ಬಿಡಿಸಿ ಹೇಳ್ಬೇಕಿತ್ತು. ನಾಚಿಕೆ ಆಯ್ತು. ಮೇಲೆ ಅವರು ಕೂತಿದ್ರು." ಅವಳ ದನಿ ಗೊಗ್ಗರಾಗಿತ್ತು. "ಹರೆಯದಲ್ಲಿ ಅವರು ಹೀಗಿರ್ಲಿಲ್ಲ ಕಣೋ. ಪ್ರತಿ ಮದುವೆ ಆದ ಮೇಲೂ ಕುಡಿದು ಬರೋರು. ಆ ಕೈ ನನ್ನ ಕೊರಳು ಹುಡುಕೋದು. ನಾನು ತಡ್ಕೊಂಡೆ. ಒಂದು ದಿನ ತೊಟ್ಟಿಲಿನ ಕಡೆ ಹೋಯ್ತು. ಮಾರನೇ ದಿನವೇ ನಾನು ಸೇತುವೆ ಆಚೆ ಮಾಟದ ಮುದುಕಿ ಹತ್ರ ಹೋದೆ."

"ಮಾವನ ಕೈ..."

"ಕಟ್ಟಿಸ್ದೆ. ನನ್ನ ಜಡೆ ಕೊಟ್ಟು ಕಟ್ಟಿಸ್ದೆ. ಕೈ ಮುದುರ್ಕೊಂತು, ಮನುಷ್ಯ ಮೆತ್ತಗಾದ. ನಿಧಾನಕ್ಕೆ ಒಳ್ಳೆಯವನೂ ಆದ. ಆದ್ರೆ ಕಟ್ಟಿದ್ದು ಸಾಯಲ್ಲ ಅಂತ ಆ ಮುದುಕಿ ಹೇಳಿದ್ಲು. ಮಲಗಿರತ್ತೆ. ಬಿಚ್ಚಿದ ದಿನ, ಕಟ್ಟಿದ ದಿನ ಹೇಗಿತ್ತೋ ಹಾಗೇ ಏಳತ್ತೆ, ಹಸ್ಕೊಂಡು."

"ಮತ್ತೆ ಕಟ್ಟಬಹುದಲ್ವಾ ಅತ್ತೆ? ನಾನೇ ಸುತ್ತಿ ಕೊಡ್ತೀನಿ."

"ಯಾವ ಕೂದಲಲ್ಲಿ?" ಅವಳು ತಲೆಯ ವಸ್ತ್ರ ಸರಿಸಿದಳು. ಬೋಳು ನೆತ್ತಿ ದೀಪಕ್ಕೆ ಹೊಳೆಯಿತು. "ಮನೆಯ ಹೆಣ್ಣಿಂದೇ ಆಗ್ಬೇಕು. ನಾತಾ ತಲೆ ಕಡೆ ಕಣ್ಣು ಹಾಕೀಯ, ಜೋಕೆ. ಕಟ್ಟಿದೋಳೂ ಕಟ್ಟಿಗೆ ಸಿಕ್ಕಿಬೀಳ್ತಾಳೆ. ನಿಮ್ಮ ಮದುವೆಗೆ ನಾನ್ಯಾಕೆ ಬರ್ಲಿಲ್ಲ ಅನ್ಕೊಂಡೆ? ಆವತ್ತಿಂದ ನಾನು ಈ ಊರಿನ ಸೇತುವೆ ದಾಟಿಲ್ಲ. ದಾಟೋಕಾಗಲ್ಲ. ಕರುಳು ಕಿತ್ತು ಬಾಯಿಗೆ ಬರತ್ತೆ."

"ಹಾಗಾದ್ರೆ ನಾನೇನು ಮಾಡ್ಲಿ?"

"ನಾಳೆ ಬಸ್ಸಿಗೆ ಅವಳನ್ನ ಕರ್ಕೊಂಡು ಹೊರಟುಬಿಡು. ನಾವಿಬ್ರು ಮುದುಕರು ಏನೋ ಮಾಡ್ಕೊತೀವಿ. ಅವಳಿಗೆ ಏನೂ ಹೇಳ್ಬೇಡ."

ಅವನು ಆಗಲಿ ಎಂದ. ಹೊರಡುವ ಮಾತನ್ನು ನಾತಾಗೂ ಹೇಳಿದ. ಆದರೆ ಆ ವಾರದ ಕೊನೆಗೆ ಅಪ್ಪನ ಹೆಸರಿನ ಸಂತನ ಹಬ್ಬ. ಅದನ್ನು ಮುಗಿಸಿಕೊಂಡೇ ಹೋಗೋಣ ಎಂದು ಅವಳು ಹಟ ಹಿಡಿದಳು. ನೆವಿಯೋ ಹೆಚ್ಚು ವಾದ ಮಾಡಲಿಲ್ಲ. ಕಾರಣ ಹೇಳದೆ ವಾದ ಮಾಡುವುದು ಹೇಗೆ?

ಹಬ್ಬದ ಹಿಂದಿನ ಮಧ್ಯಾಹ್ನ. ಗಾಳಿಯಿಲ್ಲ. ಕಲ್ಲುಗಳೇ ಬೆವರುತ್ತಿದ್ದವು. ನಾತಾ ಎಂದಿನಂತೆ ನೆಲಮನೆಯಲ್ಲಿ ಮಲಗಿದ್ದಳು. ಬಂಡೆಯ ಆ ಗುಹೆಯೊಳಗೆ ಗುಡುಗೂ ಕೇಳಿಸುವುದಿಲ್ಲ. ನೆವಿಯೋ ಲಾಯದಲ್ಲಿ ಊರಿಗೆ ಹೊರಡಲು ಸಾಮಾನು ಕಟ್ಟುತ್ತಿದ್ದ. ಮೇಲೆ ಗಿಟಾರು ನುಡಿಯುತ್ತಿತ್ತು. ಅವನು ಕಿವಿಗೊಟ್ಟ. ಏನೋ ಸರಿಯಿರಲಿಲ್ಲ. ಬಲಗೈ ಮೀಟುವ ಸದ್ದೇ ಇಲ್ಲ. ಎಡಗೈಯ ಬೆರಳುಗಳು ಮಾತ್ರ ಗಿಟಾರಿನ ಕುತ್ತಿಗೆಯ ಮೇಲೆ ಬಡಿಯುತ್ತಿದ್ದವು. ಟಕ್. ಟಕ್. ಟಕ್. ಜೇಡ ನಡೆದ ಹಾಗೆ.

ನಿಂತಿತು.

ಅವನು ಹೊರಗಿನ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಮೇಲೆ ಹೋದ. ಕಿಟಕಿಗಳು ಮುಚ್ಚಿದ್ದವು. ಉರಿಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಬರೀ ಕತ್ತಲು. ಸೆಖೆಯಲ್ಲಿ ಬೆವರಿನ, ವೈನಿನ ವಾಸನೆ. ಕಾನಿಯೋ ಲಕ್ವ ಹೊಡೆದಾಗಿನಿಂದ ವೈನ್ ಮುಟ್ಟಿರಲಿಲ್ಲ. ಏದುಸಿರು. ಕಾಲು ನೆಲಕ್ಕೆ ಒದೆಯುವ ಸದ್ದು.

ಆಮೇಲೆ ಕಂಡಿತು. ಕಾರ್ಮೊಸೀನಾ ಗೋಡೆಗೆ ಒರಗಿದ್ದಳು. ಅವಳ ಕಾಲ ಬೆರಳಷ್ಟೇ ನೆಲಕ್ಕೆ ತಾಗುತ್ತಿತ್ತು. ಕೊರಳಲ್ಲಿ ಆ ಕೈ. ಕೈಯ ಹಿಂದೆ ಮುದುಕ. ಅವನ ಮುಖದ ಮೇಲೆ ನೀರು ಹರಿಯುತ್ತಿತ್ತು. ಬಲಗೈಯಿಂದ ತನ್ನದೇ ಎಡಗೈಯನ್ನು ಕೀಳುತ್ತಿದ್ದ, ಕಚ್ಚುತ್ತಿದ್ದ. ಮಣಿಕಟ್ಟಿನಲ್ಲಿ ಕಿತ್ತುಹೋದ ಬೆಲ್ಟು ನೇತಾಡುತ್ತಿತ್ತು. ಆ ಕೈಯನ್ನು ಮಂಚಕ್ಕೆ ಕಟ್ಟಿಹಾಕಲು ಅವನೇ ನೋಡಿದ್ದ.

"ಇದನ್ನ ಬಿಡಿಸು ಮಗ," ಅವನು ತೊದಲಿದ. "ನಾನಲ್ಲ. ನಾನೇ. ಆದ್ರೆ ಆಗಿನವನು."

ನೆವಿಯೋ ಆ ಬೆರಳುಗಳನ್ನು ಹಿಡಿದೆಳೆದ. ಬಿಸಿಯಾಗಿದ್ದವು. ಕಬ್ಬಿಣದಂತಿದ್ದವು. ಒಂದು ಬೆರಳೂ ಅಲುಗಲಿಲ್ಲ. ಕಾರ್ಮೊಸೀನಾಳ ತುಟಿ ನೀಲಿಗಟ್ಟುತ್ತಿತ್ತು. ಅವಳು ಅಳಿಯನ ಕಣ್ಣನ್ನೇ ನೋಡುತ್ತ ತಲೆಯಲ್ಲಾಡಿಸಿದಳು. ಬೇಡ ಎಂದು. ಅವನ ತಲೆಯಲ್ಲಿ ಏನು ಮೂಡಿತೆಂದು ಅವಳಿಗೆ ತಿಳಿದಿತ್ತು.

ಅವನು ನೆಲಕ್ಕೆ ಬಿದ್ದಿದ್ದ ಗಿಟಾರನ್ನು ಎತ್ತಿಕೊಂಡು ಕೆಳಗೆ ಓಡಿದ. ಪೆಟ್ಟಿಗೆ ತೆರೆದ. ತಿರುಪು ಬಿತ್ತು. ಹೋಗಲಿ. ಸುರುಳಿಯನ್ನು ಮಷೀನಿಗೆ ಸಿಕ್ಕಿಸಿದ. ಕತ್ತರಿ. ಮೊದಲು ತನ್ನ ತಲೆಗೇ ಹಾಕಿದ. ಗಿಡ್ಡ ಕೂದಲು, ಸುತ್ತಲೊಲ್ಲದು. ತುಂಡಾಯಿತು. ಮತ್ತೆ ಹಾಕಿದ. ಮತ್ತೆ ತುಂಡಾಯಿತು. ಮೇಲೆ ಹಿಮ್ಮಡಿ ಗೋಡೆ ಬಡಿಯುತ್ತಿತ್ತು. ಬಡಿತ ನಿಧಾನವಾಯಿತು.

ನೆಲಮನೆಯಲ್ಲಿ ತಂಪು, ಹುಳಿಬಂದ ದ್ರಾಕ್ಷಿಯ ವಾಸನೆ. ನಾತಾ ಮಗ್ಗುಲಾಗಿ ಮಲಗಿದ್ದಳು. ಬಾಯಿ ಚೂರು ತೆರೆದಿತ್ತು. ಜಡೆ ಚಾಪೆಯಿಂದ ಕೆಳಗೆ ಹರಿದಿತ್ತು. ಎಬ್ಬಿಸಲು ಒಂದು ಕ್ಷಣ ಸಾಕಿತ್ತು. ಭುಜ ಮುಟ್ಟಿದರೆ ಸಾಕಿತ್ತು. ಎಬ್ಬಿಸಿದರೆ ಹೇಳಬೇಕು. ಎಲ್ಲ ಹೇಳಬೇಕು.

ಕತ್ತರಿ ಆಡಿತು. ಅವಳು ನಿದ್ದೆಯಲ್ಲಿ ನಿಟ್ಟುಸಿರಿಟ್ಟಳು.

ಅವನು ತುಳಿದ. ಮಷೀನು ಕಟಕಟ ಎಂದಿತು. ತಾಮ್ರದ ಮೇಲೆ ಕೂದಲು ಹರಿಯಿತು. ಬೆರಳಿನಲ್ಲಿ ಅದರ ಬಿಸುಪು. ಅವಳ ಸಾಬೂನಿನ ವಾಸನೆ. ತುಳಿದ. ಮೇಲೆ ಸದ್ದಿಲ್ಲ. ತುಳಿದ. ದೇವರೇ ಎಂದ. ಯಾವ ಮಂತ್ರವೂ ಅವನಿಗೆ ಗೊತ್ತಿರಲಿಲ್ಲ. ತಪ್ಪಾಯ್ತು, ತಪ್ಪಾಯ್ತು ಎಂದಷ್ಟೇ ಹೇಳುತ್ತ ಸುತ್ತಿದ. ಮೇಣದ ಬತ್ತಿ ಕರಗಿಸಿ ಹೊಯ್ದ. ಕೈ ಸುಟ್ಟಿತು. ಮುಚ್ಚಳ ಒತ್ತಿದ.

ಮೇಲೆ ಏನೋ ಭಾರವಾದದ್ದು ನೆಲಕ್ಕೆ ಕುಸಿಯಿತು. ಆಮೇಲೆ ಒಂದು ಕೆಮ್ಮು. ಹೆಂಗಸಿನ ಕೆಮ್ಮು.

ಕಾರ್ಮೊಸೀನಾ ಬದುಕಿದಳು. ದನಿ ಮಾತ್ರ ಹೋಯಿತು. ಕಾನಿಯೋನ ಕೈ ಮತ್ತೆ ಮುದುರಿ ಅಕ್ರೋಟಾಯಿತು. ಅವನು ಅದನ್ನು ಎದೆಗೊತ್ತಿಕೊಂಡು ಮೂಲೆಯಲ್ಲಿ ಕೂತವನು ಅಂದಿನಿಂದ ಹೆಂಡತಿಯ ಮುಖ ನೋಡುವುದನ್ನೇ ಬಿಟ್ಟ.

ಸಂಜೆ ಎದ್ದುಬಂದ ನಾತಾ ಬರಿ ಕತ್ತನ್ನು ತಡವಿಕೊಳ್ಳುತ್ತ, "ನನ್ನ ಜಡೆ ಏನಾಯ್ತು?" ಎಂದು ಕೇಳಿದಳು. ಅವಳ ದನಿಯಲ್ಲಿ ಇನ್ನೂ ಸಿಟ್ಟಿರಲಿಲ್ಲ, ಬರೀ ಗಲಿಬಿಲಿ.

ನೆವಿಯೋ ಬಾಯಿ ತೆರೆದ. ಅದರಿಂದ ಬಂದ ಮಾತು ಅವನಿಗೇ ಗೊತ್ತಿಲ್ಲದೆ ಬಂತು. "ಅಮ್ಮ ಕತ್ತರಿಸಿಬಿಟ್ಳು ನಾತಾ. ಬಿಸಿಲಿಗೆ ಏನೋ ಆಯ್ತು ಅವಳಿಗೆ. ತನಗೆ ಕೂದಲಿಲ್ಲ ಅಂತ... ಬಿದ್ದು ಕೊರಳೂ ನೋಯಿಸ್ಕೊಂಡ್ಳು. ನಾನು ತಡೆಯೋಕೆ ಹೋಗೋಷ್ಟರಲ್ಲಿ ಮುಗಿದುಹೋಗಿತ್ತು."

ನಾತಾ ತಾಯಿಯ ಕಡೆ ತಿರುಗಿದಳು. "ಹೌದಾಮ್ಮ?"

ದನಿಯಿಲ್ಲದ ಮುದುಕಿ ಅಳಿಯನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೌದೆಂದು ತಲೆಯಾಡಿಸಿದಳು. ನಾತಾ ಹೋಗಿ ಅವಳ ಬೋಳುತಲೆಯನ್ನು ತಬ್ಬಿಕೊಂಡಳು. "ಹೋಗ್ಲಿ ಬಿಡು, ಬೆಳೆಯತ್ತೆ," ಎಂದು ಸಮಾಧಾನ ಮಾಡಿದಳು. ನೆವಿಯೋ ಲಾಯಕ್ಕಿಳಿದು ಗೋಡೆಗೆ ಹಣೆ ಚಚ್ಚಿಕೊಂಡ.

ಶಾಲೆ ಶುರುವಾಗುವ ಮೊದಲು ಇಬ್ಬರೂ ಬಸ್ಸು ಹತ್ತಿದರು. ಊರು ದಾಟಿ, ಇಳಿಜಾರು ದಾಟಿ, ಸೇತುವೆ ಬಂತು. ನಾತಾ ಹೊಟ್ಟೆ ಹಿಡಿದುಕೊಂಡಳು. ಮುಖ ಸುಣ್ಣವಾಯಿತು. ಡ್ರೈವರು ಬಸ್ಸು ನಿಲ್ಲಿಸಿದ. ಅವಳು ರಸ್ತೆಯ ಬದಿಯಲ್ಲಿ ರಕ್ತ ಕಾರಿದಳು. ಊರಿನ ಕಡೆ ನಡೆಸಿಕೊಂಡು ಹೋದಂತೆ ಗೆಲುವಾದಳು. ಮತ್ತೊಂದು ದಿನ ನೆರೆಯವರ ಕಾರಿನಲ್ಲಿ ಹೊರಟರು. ಅಲ್ಲೇ, ಹಾಗೇ. ಇನ್ನೊಮ್ಮೆ ನಡೆದೇ ಹೋದರು. ಸೇತುವೆಯ ಮೊದಲ ಕಲ್ಲಿನಲ್ಲೇ ಅವಳು ಮೊಳಕಾಲೂರಿದಳು. ಡಾಕ್ಟರು ನರದೌರ್ಬಲ್ಯ ಎಂದರು, ಮನಸ್ಸಿನದು ಎಂದರು. ಕಡಲತೀರದ ಶಾಲೆಯವರು ಬೇರೆಯವರನ್ನು ತೆಗೆದುಕೊಂಡರು. ಪ್ರತಿ ಸಲವೂ ನೆವಿಯೋ ಹೆಂಡತಿಯ ಬೆನ್ನು ಸವರಿದ, ನೀರು ಕುಡಿಸಿದ, "ಮುಂದಿನ ಸಲ ಸರಿಹೋಗತ್ತೆ," ಎಂದ. ಮತ್ತೆ ಆ ಪೆಟ್ಟಿಗೆ ಬಿಚ್ಚುವ ಯೋಚನೆಯೂ ಬರುತ್ತಿತ್ತು. ಬಿಚ್ಚಿದರೆ ಮೇಲೆ ಆ ಕೈ ಏಳುತ್ತದೆ. ಬಿಚ್ಚದಿದ್ದರೆ ಇವಳು ಇಲ್ಲೇ.

ಚಳಿಗಾಲದ ಶುರುವಿನಲ್ಲಿ ಕಾರ್ಮೊಸೀನಾ ಹಾಸಿಗೆ ಹಿಡಿದಳು. ಕೊನೆಯ ದಿನ ಎಲ್ಲರನ್ನೂ ಹೊರಗೆ ಕಳುಹಿಸಿ ಮಗಳನ್ನು ಮಾತ್ರ ಹತ್ತಿರ ಕರೆದಳು. ಬಾಗಿಲಾಚೆ ನಿಂತ ನೆವಿಯೋಗೆ ಗಾಳಿ ಸೋರಿದಂಥ ಪಿಸುದನಿಯಷ್ಟೇ ಕೇಳಿತು. ಮುದುಕಿಗೆ ಹೇಳದೆ ವಿಧಿಯಿರಲಿಲ್ಲ. ಇನ್ನು ಮೇಲೆ ಆ ಪೆಟ್ಟಿಗೆಯನ್ನು ಕಾಯಬೇಕಾದವಳು ಮಗಳೇ.

ಮಣ್ಣು ಮಾಡಿ ಬಂದ ಮೇಲೆ ನಾತಾ ಲಾಯಕ್ಕೆ ಬಂದಳು. ಕೂದಲು ಕಿವಿಯ ಕೆಳಗಿನವರೆಗೆ ಬೆಳೆದಿತ್ತು. ಹೊಲಿಗೆ ಮಷೀನಿನ ಮುಂದೆ ಕೂತು, ಅದರ ಚಕ್ರವನ್ನು ಬೆರಳಿನಿಂದ ನಿಧಾನಕ್ಕೆ ತಿರುಗಿಸಿದಳು.

"ಎಬ್ಬಿಸ್ಬೇಕಿತ್ತು," ಎಂದಳು.

ಅವನು ಕೈಯಲ್ಲಿದ್ದ ಅರವನ್ನು ಬೆಂಚಿನ ಮೇಲಿಟ್ಟ.

"ಕೇಳಿದ್ರೆ ನಾನೇ ಕತ್ತರಿಸಿ ಕೊಡ್ತಿದ್ದೆ ನೆವಿಯೋ. ಅವಳು ನನ್ನ ಅಮ್ಮ. ಬೇಡ ಅಂತಿದ್ನಾ ನಾನು?"

"ಹೆದರಿದೆ."

"ಅದು ಗೊತ್ತಾಗತ್ತೆ. ಅಮ್ಮನ ಮೇಲೆ ಯಾಕೆ ಹಾಕ್ದೆ? ಅವಳು ಸಾಯೋವರೆಗೂ ನಾನವಳನ್ನ ಹುಚ್ಚಿ ಥರ ನೋಡ್ದೆ. ಕತ್ತರಿ ಎಲ್ಲ ಬಚ್ಚಿಟ್ಟೆ. ಒಂದು ದಿನವೂ ಅವಳ ಪಕ್ಕ ನೆಮ್ಮದಿಯಾಗಿ ಮಲಗ್ಲಿಲ್ಲ." ಅವಳು ಎದ್ದಳು. "ನೀನು ಹೋಗು. ನಿನ್ನನ್ನ ಯಾವುದೂ ಕಟ್ಟಿಲ್ಲ."

ಅವಳ ದನಿಯಲ್ಲಿ ಶಾಪವಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮರುದಿನ ಅವನು ಬಸ್ಸು ಹತ್ತಿದ. ಸೇತುವೆ ಹತ್ತಿರವಾದಂತೆ ಮುಂದಿನ ಸೀಟಿನ ಕಂಬಿಯನ್ನು ಬಿಗಿಹಿಡಿದು ಕಾದ. ಕರುಳು ಕೀಳಲಿ ಎಂದುಕೊಂಡ. ರಕ್ತ ಕಾರಲಿ, ಸೇತುವೆಯ ಕಲ್ಲಿನ ಮೇಲೆ ಬೀಳಲಿ. ಬಸ್ಸು ಗಡಗಡ ಎಂದು ಸೇತುವೆ ದಾಟಿತು. ಅವನಿಗೆ ಏನೂ ಆಗಲಿಲ್ಲ. ಹಿಂದಿನ ಸೀಟಿನ ಹೆಂಗಸು ಕಿತ್ತಳೆ ಸುಲಿಯುತ್ತಿದ್ದಳು. ಆ ಘಮಕ್ಕೆ ಹಸಿವೂ ಆಯಿತು.

ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟ. ತಿರುಗಿ ಏರುದಾರಿ ಹಿಡಿದು ನಡೆದ. ಸೇತುವೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಊರಿನ ಕಡೆಯ ಕೊನೆಯ ಕಲ್ಲಿನ ಮೇಲೆ ನಾತಾ ಕೂತಿದ್ದಳು. ಅವನ ದಾರಿ ಕಾಯುತ್ತಿದ್ದವಳಂತೆ ಕಾಣಲಿಲ್ಲ. ಕೆಳಗೆ ಹೊಳೆಯಾಚೆ, ಕಡಲಿನ ಕಡೆ ಹೋಗುವ ರಸ್ತೆಯನ್ನು ನೋಡುತ್ತಿದ್ದಳು.

ಅವನು ಸೇತುವೆ ದಾಟಿ ಅವಳೆದುರು ನಿಂತ.

"ಸಂಜೆ ಬಸ್ಸಿಗೇ ಬರಬಹುದಿತ್ತಲ್ಲ," ಎಂದಳು.

"ನಡೀಬೇಕು ಅನ್ನಿಸ್ತು."

"ನನಗೂ ಅನ್ಸತ್ತೆ," ಎಂದಳು ನಾತಾ.